ಹೆದೆ ಎಲ್ಲಿಯವರೆಗೆ ಎಳೆಯಬೇಕು?

ಹೋದ ವಾರ ಆಫೀಸಿನಲ್ಲಿ ಗೆಳೆಯನೊಬ್ಬ ಕೇಳಿದ: "ಕಾಂಪೌಂಡ್ ಬಿಲ್ಲು ತಗೋಬೇಕು ಅಂತಿದ್ದೀನಿ, ನನ್ನ ಹೈಟ್ ಐದು ಅಡಿ ಹತ್ತು ಇಂಚು, ಯಾವ ಸೈಜ್ ತಗೊಳ್ಳಲಿ?" ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಬಲಗೈ ತಾನಾಗಿಯೇ ಎಡಗೈ ಒಳಭಾಗವನ್ನು ಸವರಿಕೊಳ್ಳುತ್ತದೆ. ಯಾಕೆ ಅಂತ ಹೇಳುತ್ತೇನೆ. ಚಪ್ಪಲಿ ಕೊಳ್ಳುವ ಹಾಗೆ ಒಂದು ನಂಬರ್ ಹೇಳಿ ಕೊಳ್ಳುವ ವಸ್ತು ಅಲ್ಲ ಇದು. ಕಾಂಪೌಂಡ್ ಅಂದರೆ ಎರಡೂ ತುದಿಯಲ್ಲಿ ಚಕ್ರ ಇರುವ ಬಿಲ್ಲು, ಅದಕ್ಕೆ ಮೊದಲು ಬೇಕಾದದ್ದು ಡ್ರಾ ಲೆಂತ್, ಅಂದರೆ ಹೆದೆಯನ್ನು ಎಲ್ಲಿಯವರೆಗೆ ಎಳೆಯಬೇಕು ಅನ್ನುವ ಅಳತೆ. ಎತ್ತರ ಹೇಳಿ ಕೊಂಡ ಬಿಲ್ಲಿನಿಂದ ನಾನು ಏಳು ತಿಂಗಳು ಕಳೆದುಕೊಂಡಿದ್ದೇನೆ.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಬಿಲ್ಲು. ಮಾರುವವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ನಿಮ್ಮ ಹೈಟಿಗೆ 28.5 ಇಂಚು ಡ್ರಾ ಲೆಂತ್ ಸರಿಯಾಗುತ್ತೆ, ಬೇಕಾದರೆ ಆಮೇಲೆ ಅಡ್ಜಸ್ಟ್ ಮಾಡಬಹುದು" ಅಂದರು. ಟೇಪು ತೆಗೆಯಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಅಳೆಯಬೇಕು ಅನ್ನುವುದೇ ಗೊತ್ತಿರಲಿಲ್ಲ. ಮನೆಗೆ ತಂದು ನೋಡಿದರೆ ಅದರ ಕ್ಯಾಮ್ (ತುದಿಯ ಚಕ್ರ) ತಿರುಗಿಸಿ ಸರಿಮಾಡುವ ಜಾತಿಯದಲ್ಲ, ಅಳತೆ ಬದಲಿಸಬೇಕು ಅಂದರೆ ಕ್ಯಾಮಿಗೆ ಕೂರಿಸುವ ಬೇರೆ ಮಾಡ್ಯೂಲ್ ತರಿಸಬೇಕು, ಅದು ಇಲ್ಲಿ ಯಾರ ಹತ್ತಿರವೂ ಇಲ್ಲ, ಹೊರದೇಶದಿಂದ ಬರಬೇಕು. ಸರಿ, ಇರುವುದರಲ್ಲೇ ಅಭ್ಯಾಸ ಮಾಡೋಣ ಅಂತ ಶುರು ಮಾಡಿದೆ.

ಕನಕಪುರ ರಸ್ತೆಯ ಆಚೆ ನಾವು ಭಾನುವಾರ ಬೆಳಗ್ಗೆ ಹೋಗುವ ಒಂದು ರೇಂಜ್ ಇದೆ. ಮೊದಲ ತಿಂಗಳಲ್ಲೇ ಎಡ ಮುಂಗೈ ಒಳಭಾಗ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೆದೆ ಬಿಟ್ಟಾಗಲೆಲ್ಲ ಅದೇ ಜಾಗಕ್ಕೆ ಬಡಿಯುತ್ತಿತ್ತು. ತೋಳಿಗೆ ಗಾರ್ಡ್ ಕಟ್ಟಿಕೊಂಡೆ, ನೋವು ಕಡಿಮೆಯಾಯಿತು, ಆದರೆ ಬಾಣ ಮಾತ್ರ ಎಡಕ್ಕೂ ಬಲಕ್ಕೂ ಚೆಲ್ಲಾಡುತ್ತಲೇ ಇತ್ತು. ಮೇಲೆ ಕೆಳಗೆ ಅಷ್ಟಾಗಿ ತಪ್ಪುತ್ತಿರಲಿಲ್ಲ, ಅಡ್ಡಡ್ಡ ತಪ್ಪುತ್ತಿತ್ತು. ಸೊಂಟ ಹಿಂದಕ್ಕೆ ಬಾಗುತ್ತಿತ್ತು, ಮುಂದಿನ ಭುಜ ಕಿವಿಯ ಹತ್ತಿರ ಬರುತ್ತಿತ್ತು, ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಸಣ್ಣ ತೂತು) ಕಣ್ಣಿಗೆ ಸಿಗಲಿ ಅಂತ ತಲೆಯನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಮನೆಗೆ ಬಂದರೆ ಕತ್ತಿನ ಬಲಭಾಗ ಹಿಡಿದುಕೊಳ್ಳುತ್ತಿತ್ತು. ನನ್ನಲ್ಲಿ ಶಕ್ತಿ ಸಾಲದು ಅಂದುಕೊಂಡು ಜಿಮ್ಮಿಗೂ ಸೇರಿದೆ. ಕೊನೆಗೆ ಒಂದು ದಿನ ಹಿರಿಯ ಆಟಗಾರರೊಬ್ಬರು ಪಕ್ಕದಲ್ಲಿ ನಿಂತು ಎರಡೇ ಬಾಣ ನೋಡಿದರು. "ಶಕ್ತಿ ಬಿಡಿ, ಈ ಬಿಲ್ಲು ನಿಮಗೆ ಉದ್ದ" ಅಂದರು. ನೋಡಿದರೆ ಎರಡು ಇಂಚು ಉದ್ದ!

ಎರಡು ಇಂಚು ಏನು ಮಹಾ ಅನ್ನಿಸಬಹುದು. ಚಕ್ರವಿಲ್ಲದ ರಿಕರ್ವ್ ಬಿಲ್ಲಾಗಿದ್ದರೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಅದರಲ್ಲಿ ನಿಮ್ಮ ಕೈ ಎಲ್ಲಿಯವರೆಗೆ ಬರುತ್ತದೋ ಅಲ್ಲಿ ನಿಲ್ಲಿಸುತ್ತೀರಿ, ಎಳೆದಷ್ಟೂ ಭಾರ ಏರುತ್ತಾ ಹೋಗುತ್ತದೆ, ಅಷ್ಟೇ. ಕಾಂಪೌಂಡ್ ಹಾಗಲ್ಲ. ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಆಲೆನ್ ಅನ್ನುವವರು ಬಿಲ್ಲಿನ ತುದಿಗೆ ಚಕ್ರ ಕೂರಿಸಿ 1969ರಲ್ಲಿ ಪೇಟೆಂಟ್ ಪಡೆದ ಬಿಲ್ಲು ಇದು. ಆ ಚಕ್ರ ಬೆಳೆದು ಈಗಿನ ಕ್ಯಾಮ್ ಆಗಿದೆ. ಎಳೆಯುತ್ತಾ ಹೋದರೆ ಭಾರ ಪೂರ್ತಿ ಏರಿ, ಆಮೇಲೆ ಕ್ಯಾಮ್ ಹೊರಳಿ ದಿಢೀರ್ ಅಂತ ಇಳಿಯುತ್ತದೆ. ಅದಕ್ಕೆ ಲೆಟ್ ಆಫ್ ಅನ್ನುತ್ತಾರೆ. 40 ಪೌಂಡ್ ಬಿಲ್ಲಿಗೆ ಶೇಕಡಾ 75 ಲೆಟ್ ಆಫ್ ಇದ್ದರೆ ಗುರಿ ನೋಡುವಾಗ ಕೈಯಲ್ಲಿ ಇರುವುದು 10 ಪೌಂಡ್ ಮಾತ್ರ. ಅದಾದ ಮೇಲೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಗೋಡೆಗೆ ಬೆನ್ನು ಕೊಟ್ಟ ಹಾಗೆ. ನಮ್ಮವರು ಅದನ್ನು ವಾಲ್ ಅಂತಲೇ ಕರೆಯುತ್ತಾರೆ. ಆ ಗೋಡೆ ಎಲ್ಲಿರಬೇಕು ಅನ್ನುವುದನ್ನು ಬಿಲ್ಲು ತೀರ್ಮಾನಿಸುತ್ತದೆ, ನೀವಲ್ಲ. ಗೋಡೆ ದೂರ ಇದ್ದರೆ ಮೈಯೇ ಹಿಂದಕ್ಕೆ ಬಾಗಿ ಅದನ್ನು ಮುಟ್ಟಬೇಕು. ಹತ್ತಿರ ಇದ್ದರೆ ಮೈ ಮುದುಡಿಕೊಳ್ಳಬೇಕು. ಡ್ರಾ ಲೆಂತ್ ಅಂದರೆ ಈ ಗೋಡೆಯ ಜಾಗ.

ಹಾಗಾದರೆ ಅಳೆಯುವುದು ಹೇಗೆ? ಮೊದಲ ಅಂದಾಜಿಗೆ ನಮ್ಮಲ್ಲೇ ಒಂದು ಒಳ್ಳೆಯ ಅಳತೆ ಇದೆ: ಮಾರು. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಉದ್ದವೋ ಅದು ಒಂದು ಮಾರು. ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವವರಿಗೆ ಗೊತ್ತು, ಒಬ್ಬೊಬ್ಬರ ಮೊಳ ಒಂದೊಂದು ಉದ್ದ, ನಮ್ಮಮ್ಮ ಈಗಲೂ ಕೈ ಉದ್ದ ಇರುವ ಹೂವಿನವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಿಲ್ಲಿನ ವಿಷಯದಲ್ಲೂ ಅದೇ ಮಾತು. ನಿಮ್ಮ ಮಾರನ್ನು ಇಂಚಿನಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ. ನನ್ನ ಮಾರು 172 ಸೆಂಟಿಮೀಟರ್, ಅಂದರೆ 67.7 ಇಂಚು, ಭಾಗಿಸಿದರೆ 27.1. ಎತ್ತರ ನೋಡಿ ಹೇಳಿದ 28.5 ಎಲ್ಲಿ, ಇದೆಲ್ಲಿ!

ಅಳೆಯುವಾಗ ಒಂದು ಎಚ್ಚರ. ಗೋಡೆಗೆ ಬೆನ್ನು ಒರಗಿಸಿ, ಕೈಗಳನ್ನು ಭುಜದ ಮಟ್ಟಕ್ಕೆ ಸುಮ್ನೆ ಎತ್ತಿ, ಎಳೆದು ಹಿಗ್ಗಿಸಬೇಡಿ. ನಾನು ಮೊದಲ ಸಲ ಅಳೆದಾಗ ಎರಡೂ ಕಡೆ ಬೆರಳು ಇನ್ನಷ್ಟು ದೂರ ಹೋಗಲಿ ಅಂತ ಚಾಚಿಬಿಟ್ಟಿದ್ದೆ, ಅಮ್ಮ ಪೆನ್ಸಿಲ್ಲಿನಲ್ಲಿ ಗೋಡೆಗೆ ಗೆರೆ ಹಾಕಿದರು, ಐದು ಸೆಂಟಿಮೀಟರ್ ಜಾಸ್ತಿ ಬಂತು. ಐದು ಸೆಂಟಿಮೀಟರ್ ಅಂದರೆ ಲೆಕ್ಕದ ಕೊನೆಗೆ ಮುಕ್ಕಾಲು ಇಂಚಿನ ಮೇಲೆ ತಪ್ಪು. ಕಾಂಪೌಂಡಿನಲ್ಲಿ ಅರ್ಧ ಇಂಚೇ ಕೈಗೆ ಗೊತ್ತಾಗುತ್ತದೆ. ಆ ಎರಡು ಜೊತೆ ಗೆರೆ ನಮ್ಮ ಹಾಲಿನ ಗೋಡೆ ಮೇಲೆ ಈಗಲೂ ಇವೆ.

ಆದರೆ ಈ ಎರಡೂವರೆಯ ಲೆಕ್ಕವನ್ನೇ ನಂಬಿ ದುಡ್ಡು ಕೊಡಬೇಡಿ. ಅದು ಅಂದಾಜು ಮಾತ್ರ. ಒಬ್ಬರಿಗೆ ಕತ್ತು ಉದ್ದ, ಒಬ್ಬರಿಗೆ ಎದೆ ಅಗಲ, ಒಬ್ಬರ ದವಡೆ ಮುಂದೆ, ಇನ್ನೊಬ್ಬರ ಬೆರಳು ಮಾತ್ರ ಉದ್ದ. ಬೆರಳ ಉದ್ದ ಮಾರಿಗೆ ಸೇರುತ್ತದೆ, ಆದರೆ ಬಿಲ್ಲು ಹಿಡಿಯುವ ಕೈಯಲ್ಲಿ ಆ ಬೆರಳಿಗೆ ಕೆಲಸವೇ ಇಲ್ಲ, ಗ್ರಿಪ್ ಕೂರುವುದು ಅಂಗೈಯ ಬುಡದಲ್ಲಿ. ಲೆಕ್ಕ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ಶೀತಲ್ ದೇವಿಯನ್ನು ನೆನಪಿಸಿಕೊಳ್ಳಿ. ತೋಳುಗಳಿಲ್ಲದೆ ಹುಟ್ಟಿದ ಜಮ್ಮುವಿನ ಕಿಶ್ತ್ವಾರ್ ಕಡೆಯ ಹುಡುಗಿ. ಕಾಲಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು ಬಾಣ ಬಿಡುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದದ್ದು ಕಾಂಪೌಂಡ್ ಬಿಲ್ಲಿನಲ್ಲೇ. ಅವಳಿಗೆ ಯಾವ ಮಾರು, ಯಾವ ಎರಡೂವರೆ? ಬಿಲ್ಲು ಎಳೆದು ನಿಂತ ಮೈಯನ್ನೇ ಅಳೆಯಬೇಕು, ಬೇರೆ ದಾರಿ ಇಲ್ಲ. ನಮಗೂ ನಿಮಗೂ ಅಷ್ಟೇ.

ಹಾಗಾಗಿ ಎರಡನೇ ಅಳತೆ ಬಿಲ್ಲು ಎಳೆದೇ ಆಗಬೇಕು. ಹಗುರ ಬಿಲ್ಲು ಬೇಕು. ರೇಂಜಿನಲ್ಲಿ ಮಕ್ಕಳಿಗೆ ಅಂತ ಇಟ್ಟಿರುವ ಜೆನೆಸಿಸ್ ತರಹದ್ದು ಸಿಕ್ಕರೆ ಬಹಳ ಒಳ್ಳೆಯದು, ಅದಕ್ಕೆ ಲೆಟ್ ಆಫ್ ಇಲ್ಲ, ಆದ್ದರಿಂದ ನಿಮ್ಮ ಮೈಗೆ ಎಲ್ಲಿ ಸರಿಯೋ ಅಲ್ಲೇ ನಿಲ್ಲಿಸಬಹುದು. ನನಗೆ ಹಾಗೇ ಅಳೆದರು. ಉದ್ದದ ಬಾಣ ಒಂದನ್ನು ಹೆದೆಗೆ ಸಿಕ್ಕಿಸಿ, ಗುರಿಹಲಗೆಯ ಕಡೆಗೇ ಮುಖ ಮಾಡಿ ನಿಲ್ಲಿಸಿದರು. ಕಣ್ಣು ಮುಚ್ಚಿ ಎಳೆಯಿರಿ ಅಂದರು. ಹೆದೆ ಮೂಗಿನ ತುದಿಗೆ ತಾಗಿತು, ಬಾಯಿಯ ಮೂಲೆ ಮುಟ್ಟಿತು, ಬೆರಳ ಗೆಣ್ಣುಗಳು ದವಡೆಯ ಮೂಳೆಗೆ ಕೂತವು. "ಅಲ್ಲೇ ಇರಿ." ಅವರು ಕಪ್ಪು ಮಾರ್ಕರ್ ತೆಗೆದು, ಗ್ರಿಪ್ಪಿನ ಅತಿ ಒಳಗಿನ ಕುಳಿ ಎಲ್ಲಿದೆಯೋ ಅದರ ನೇರಕ್ಕೆ ಬಾಣದ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಹೆದೆಯನ್ನು ನಿಧಾನ ಇಳಿಸಿದೆ. ಇದನ್ನು ಮೂರು ಸಲ ಮಾಡಿಸಿದರು. ಮೂರು ಗೆರೆ, ಮೂರೂ ಒಂದು ಕಡಲೆಬೀಜದಷ್ಟು ಜಾಗದೊಳಗೆ. ಬಾಣದ ಹಿಂತುದಿಯ ನಾಕ್‌ನಲ್ಲಿ ಹೆದೆ ಕೂರುವ ಸೀಳಿನಿಂದ ನಡುವಿನ ಗೆರೆಯವರೆಗೆ ಅಳೆದರೆ 25 ಇಂಚು. ಅದಕ್ಕೆ ಒಂದೂ ಮುಕ್ಕಾಲು ಇಂಚು ಸೇರಿಸಬೇಕು, ಅದು ಬಿಲ್ಲು ತಯಾರಿಸುವವರೆಲ್ಲ ಒಪ್ಪಿಕೊಂಡ ರೂಢಿ. ಒಟ್ಟು 26.75. ಮಾರಿನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ.

ಹೆದೆ ಎಳೆದು ಬಾಣ ಇಲ್ಲದೆ ಬಿಡಬಾರದು, ಯಾವತ್ತೂ. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿನೊಳಗೇ ಒಡೆಯುತ್ತದೆ, ಬಿಲ್ಲಿನ ಬಾಗುವ ಭಾಗವಾದ ಲಿಂಬ್ ಸೀಳಬಹುದು, ಕೇಬಲ್ ಹಾರಬಹುದು, ಮುಖ ಅಲ್ಲೇ ಪಕ್ಕದಲ್ಲಿರುತ್ತದೆ. ಅಂಗಡಿಯಲ್ಲಿ ಸುಮ್ನೆ ಎಳೆದು ನೋಡುವವರಿಗೆ ಇದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ನೀವು ಯಾವ ರಿಲೀಸ್ (ಹೆದೆಯನ್ನು ಹಿಡಿದು ಬಿಡುವ ಸಾಧನ) ಬಳಸುತ್ತೀರೋ ಅದರಲ್ಲೇ ಅಳೆಯಬೇಕು. ಬೆರಳಿನಿಂದ ಹೆದೆ ಹಿಡಿದರೆ ಒಂದು ಅಳತೆ, ಮಣಿಕಟ್ಟಿಗೆ ಪಟ್ಟಿ ಕಟ್ಟುವ ರಿಲೀಸ್‌ಗೆ ಒಂದು, ಹೆಬ್ಬೆರಳಿನಿಂದ ಒತ್ತುವ ರಿಲೀಸ್‌ಗೆ ಇನ್ನೊಂದು, ಯಾಕೆಂದರೆ ಕೈ ದವಡೆಯ ಮೇಲೆ ಕೂರುವ ಜಾಗವೇ ಬೇರೆ. ಹೆದೆಗೆ ಕಟ್ಟುವ ಸಣ್ಣ ದಾರದ ಡಿ ಲೂಪ್ ಉದ್ದವೂ ಕೈಯನ್ನು ಹಿಂದೆ ಮುಂದೆ ಮಾಡುತ್ತದೆ. ಕಾಲು ಇಂಚಿನ ವ್ಯತ್ಯಾಸವನ್ನು ಲೂಪ್ ಬಿಗಿ ಮಾಡಿ ಸರಿಪಡಿಸಿಕೊಳ್ಳಬಹುದು, ತಪ್ಪೇನಿಲ್ಲ. ಎರಡು ಇಂಚಿನ ತಪ್ಪನ್ನು ಲೂಪಿನಲ್ಲಿ ಮುಚ್ಚಲು ಹೋಗಬೇಡಿ, ನಾನು ಹೋಗಿದ್ದೆ. ಕೈ ಮಾತ್ರ ಮುಂದೆ ಬರುತ್ತದೆ, ಹೆದೆ ಬರುವುದಿಲ್ಲ. ಅದು ಕೆನ್ನೆಯಲ್ಲಿ ಹೂತುಕೊಂಡೇ ಇರುತ್ತದೆ, ಬಿಟ್ಟಾಗ ಕೆನ್ನೆಯನ್ನು ಉಜ್ಜಿಕೊಂಡು ಹೋಗುತ್ತದೆ, ಬಾಣ ಅಡ್ಡಕ್ಕೆ ತಿರುಗುತ್ತದೆ.

ಬಿಲ್ಲಿನ ಮೇಲೆ ಬರೆದ ನಂಬರನ್ನೂ ಕಣ್ಣು ಮುಚ್ಚಿ ನಂಬಬೇಡಿ. 27 ಅಂತ ಬರೆದ ಬಿಲ್ಲು ಅಳೆದು ನೋಡಿದರೆ ಅದಕ್ಕಿಂತ ಕಾಲು ಇಂಚು, ಅರ್ಧ ಇಂಚು ಉದ್ದ ಇರುವುದು ಹೊಸದೇನಲ್ಲ. ಹೆದೆ ಹಳೆಯದಾಗಿ ಜಗ್ಗಿದ್ದರೂ ಅಳತೆ ಬದಲಾಗುತ್ತದೆ. ನನ್ನ ಬಿಲ್ಲೂ ಹಾಗೇ ಸ್ವಲ್ಪ ಉದ್ದ. ಆದ್ದರಿಂದ ನನಗೆ ಕೊನೆಗೆ ಸರಿಹೋದದ್ದು 26.5ರ ಮಾಡ್ಯೂಲ್. ಅದನ್ನು ತರಿಸಲು ಎರಡು ತಿಂಗಳು ಆಯಿತು.

ಮಾಡ್ಯೂಲ್ ಹಾಕಿಸಿದ ದಿನ ಮಳೆ ಬಂದು ನಿಂತಿತ್ತು, ನೆಲ ಇನ್ನೂ ಒದ್ದೆ. ಗೆಳೆಯನ ಕೈಗೆ ಫೋನ್ ಕೊಟ್ಟು ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಸಿದೆ. ಇದನ್ನು ಎಲ್ಲರೂ ಮಾಡಬೇಕು, ಯಾಕೆಂದರೆ ಎಳೆದು ನಿಂತವರಿಗೆ ತಾನು ಹೇಗೆ ನಿಂತಿದ್ದೇನೆ ಅಂತ ಗೊತ್ತಾಗುವುದೇ ಇಲ್ಲ. ಪಕ್ಕದ ಫೋಟೋದಲ್ಲಿ ಬಾಣದ ಗೆರೆಯನ್ನು ಹಾಗೇ ಹಿಂದಕ್ಕೆ ಎಳೆದು ನೋಡಿ, ಬಲ ಮೊಣಕೈ ಅದೇ ಗೆರೆಯಲ್ಲಿ, ಅಥವಾ ಒಂದು ಚೂರು ಮೇಲೆ ಇರಬೇಕು. ತಲೆ ನೆಟ್ಟಗಿರಬೇಕು, ಬಸ್ಸಿಗೆ ಕಾಯುತ್ತಾ ಯಾರೋ ಕರೆದರು ಅಂತ ತಿರುಗಿ ನೋಡಿದ ಹಾಗೆ. ಬೆನ್ನು ನೇರ, ಸೊಂಟ ಮುಂದಕ್ಕೆ ತಳ್ಳಿಲ್ಲ, ಎಡ ಭುಜ ಕೆಳಗೆ. ಹಿಂದಿನ ಫೋಟೋದಲ್ಲಿ ಮೊಣಕೈ ಬಾಣದ ನೇರ ದಾಟಿ ಬೆನ್ನಿನ ಕಡೆ ಸುತ್ತಿಕೊಂಡಿದ್ದರೆ ಬಿಲ್ಲು ಉದ್ದ, ಇನ್ನೂ ಹೊರಗೇ ಉಳಿದಿದ್ದರೆ ಗಿಡ್ಡ. ಗಿಡ್ಡವಾದರೆ ಬೇರೆ ಲಕ್ಷಣಗಳೂ ಇವೆ. ಮುಖ ಹೆದೆಯನ್ನು ಹುಡುಕಿಕೊಂಡು ಮುಂದೆ ಹೋಗುತ್ತದೆ, ಎಡ ಮೊಣಕೈ ಜಾಸ್ತಿ ಮಡಚಿಕೊಳ್ಳುತ್ತದೆ, ಕೈ ದವಡೆಯಲ್ಲಿ ಒಂದು ಕಡೆ ನಿಲ್ಲದೆ ತೇಲುತ್ತದೆ, ಬೆನ್ನಿನ ಬಲ ಬಳಸಲು ಜಾಗವೇ ಸಿಗುವುದಿಲ್ಲ. ಆ ಸಂಜೆ ನನ್ನ ಫೋಟೋ ನೋಡಿ ನನಗೇ ನಂಬಿಕೆ ಬರಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ನಿಂತಿದ್ದೆ. ಆರು ಬಾಣ ಬಿಟ್ಟೆ. ಹೆದೆ ತೋಳಿಗೆ ಒಂದು ಸಲವೂ ತಾಗಲಿಲ್ಲ. ಆರೂ ಗುರಿಹಲಗೆಯ ನಡುವಿನ ಕೆಂಪು ಹಳದಿಯೊಳಗೆ ಇದ್ದವು. ಖುಷಿಗೆ ಬಾಣ ಕೀಳಲು ಓಡಿಯೇ ಹೋದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಉದ್ದದ ಬಿಲ್ಲು ಯಾಕೆ ಕೊಳ್ಳುತ್ತಾರೆ? ವೇಗದ ಆಸೆ. ಡ್ರಾ ಲೆಂತ್ ಒಂದು ಇಂಚು ಜಾಸ್ತಿಯಾದರೆ ಬಾಣದ ವೇಗ ಸೆಕೆಂಡಿಗೆ ಸುಮಾರು 10 ಅಡಿ ಏರುತ್ತದೆ, ಅದು ನಿಜ. ಬಿಲ್ಲಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ವೇಗವೂ ಸಾಮಾನ್ಯವಾಗಿ 30 ಇಂಚು, 70 ಪೌಂಡ್ ಇಟ್ಟು, 350 ಗ್ರೇನ್ ತೂಕದ ಬಾಣ ಬಿಟ್ಟು ಅಳೆದದ್ದು. ನನ್ನಂಥ 26.5ರವರಿಗೆ, 40 ಪೌಂಡಿನವರಿಗೆ ಆ ನಂಬರಿನಿಂದ ಏನೂ ಆಗಬೇಕಾಗಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಾಂಪೌಂಡಿಗೆ 60 ಪೌಂಡೇ ಮಿತಿ. ಹೊರಾಂಗಣ ಟಾರ್ಗೆಟ್ ಸ್ಪರ್ಧೆಯಲ್ಲಿ ದೂರ 50 ಮೀಟರ್, ಅದು ಬದಲಾಗುವುದೇ ಇಲ್ಲ, ಹತ್ತರ ಬಳೆ ಎಂಟು ಸೆಂಟಿಮೀಟರ್ ಅಗಲ. ದೂರ ಗೊತ್ತಿರುವಾಗ ಗುರಿ ನೋಡುವ ಸೈಟನ್ನು ಅದಕ್ಕೆ ಹೊಂದಿಸಿಕೊಂಡರೆ ಮುಗಿಯಿತು. ಬೇಕಾದದ್ದು ಪ್ರತಿ ಸಲವೂ ಒಂದೇ ಥರ ಬಿಡುವುದು. 2023ರಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಭಾರತದ ಓಜಸ್ ದೇವತಳೆ 15 ಬಾಣಕ್ಕೆ 150 ಗಳಿಸಿದ, ಹದಿನೈದೂ ಹತ್ತೇ. ಆ ವಿಡಿಯೋ ಸಿಕ್ಕರೆ ನೋಡಿ, ಬಾಣ ಬಿಡಿ, ಅವನ ತಲೆ ಮತ್ತು ಭುಜ ನೋಡಿ.

ಇನ್ನೊಂದು ಕಾರಣವೂ ಇರಬಹುದು. ಕಿವಿಯವರೆಗೆ ಹೆದೆ ಎಳೆದ ಅರ್ಜುನನನ್ನು ಕ್ಯಾಲೆಂಡರಿನಲ್ಲಿ, ಬಯಲಾಟದಲ್ಲಿ ನೋಡಿಕೊಂಡೇ ಬೆಳೆದವರು ನಾವು. ಕಿವಿ ಮುಟ್ಟಿದರೇ ಬಿಲ್ಲುಗಾರ ಅಂತ ಒಳಗೆಲ್ಲೋ ಕೂತಿದೆ. ಆ ಚಿತ್ರ ನನಗೂ ಇಷ್ಟ. ಆದರೆ ಕಾಂಪೌಂಡಿನಲ್ಲಿ ಕೈ ಕಿವಿಯ ಹಿಂದೆ ಹೋಗಿದೆ ಅಂದರೆ ಮಾಡ್ಯೂಲ್ ಬದಲಿಸುವ ಕಾಲ ಬಂದಿದೆ ಅಂತ ಅರ್ಥ.

ಈಗ ಕೊಳ್ಳುವ ಮಾತು. ಹೊಸಬರು ಮೊದಲ ಬಿಲ್ಲಿಗೆ ಅಳತೆ ತಿರುಗಿಸಿ ಬದಲಿಸುವಂಥ ಕ್ಯಾಮ್ ಇರುವುದನ್ನೇ ತಗೊಳ್ಳಿ, ಒಂದು ಅಲೆನ್ ಕೀಲಿಯಲ್ಲಿ ಸ್ಕ್ರೂ ಸಡಿಲಿಸಿ ಅರ್ಧರ್ಧ ಇಂಚು ಸರಿಸುವಂಥದ್ದು. ಸೆಕೆಂಡ್ ಹ್ಯಾಂಡ್ ಆದರೆ "ಎಷ್ಟರಿಂದ ಎಷ್ಟರವರೆಗೆ ಹೋಗುತ್ತೆ? ಮಾಡ್ಯೂಲ್ ಜೊತೆಯಲ್ಲೇ ಇದೆಯಾ? ಬದಲಿಸಲು ಬೋ ಪ್ರೆಸ್ ಬೇಕಾ?" ಈ ಮೂರೂ ಕೇಳಿ (ಬೋ ಪ್ರೆಸ್ ಅಂದರೆ ಬಿಲ್ಲನ್ನು ಒತ್ತಿ ಹೆದೆ ಸಡಿಲಿಸುವ ಯಂತ್ರ), ಉತ್ತರ ಕಣ್ಣಿಗೆ ಕಾಣುವ ಹಾಗೆ ತೋರಿಸಲಿ. ನಿಮ್ಮ ಅಳತೆ ಆ ಬಿಲ್ಲಿನ ಮಿತಿಯ ಅಂಚಿನಲ್ಲಿ ಬೀಳದೆ ನಡುವೆ ಬೀಳಲಿ. ಉದ್ದ ಡ್ರಾ ಇರುವವರು ತುದಿಯಿಂದ ತುದಿಗೆ ತೀರಾ ಗಿಡ್ಡ ಇರುವ ಬಿಲ್ಲು ಕೊಳ್ಳಬೇಡಿ, ಹೆದೆಯ ಕೋನ ಚೂಪಾಗಿ ಅದು ಮೂಗಿಗೇ ಸಿಗುವುದಿಲ್ಲ. ಡ್ರಾ ಲೆಂತಿನ ಎರಡು ಅಳತೆಯ ನಡುವೆ ಅನುಮಾನ ಇದ್ದರೆ ಗಿಡ್ಡದ ಕಡೆಗೇ ಹೋಗಿ, ನನ್ನ ಅನುಭವದಲ್ಲಿ ಅರ್ಧ ಇಂಚು ಗಿಡ್ಡವನ್ನು ಮೈ ಸಹಿಸಿಕೊಳ್ಳುತ್ತದೆ, ಅರ್ಧ ಇಂಚು ಉದ್ದವನ್ನು ಸಹಿಸುವುದಿಲ್ಲ.

ಬಾಣಗಳನ್ನು ಅಳತೆ ತೀರ್ಮಾನವಾದ ಮೇಲೆಯೇ ಕತ್ತರಿಸಿ. ಉದ್ದ ಇದ್ದರೆ ನಡೆಯುತ್ತದೆ. ಗಿಡ್ಡ ಕತ್ತರಿಸಿ ಆಮೇಲೆ ಡ್ರಾ ಉದ್ದ ಮಾಡಿದರೆ ಬಾಣದ ತುದಿ ಅದು ಕೂರುವ ರೆಸ್ಟಿನಿಂದ ಹಿಂದಕ್ಕೆ ಜಾರಿ ಬೀಳಬಹುದು, ಅಲ್ಲಿ ನಿಮ್ಮ ಕೈ ಇದೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸೇರಿದ ಮೇಲೆ ನಮ್ಮ ರೇಂಜಿಗೆ ಮಕ್ಕಳು ಜಾಸ್ತಿ ಬರುತ್ತಿದ್ದಾರೆ. ನಮ್ಮ ಪಕ್ಕದ ಮನೆಯ ಹುಡುಗಿಯೂ ಬರುತ್ತಾಳೆ, ಹದಿಮೂರು ವರ್ಷ. ಬೆಳೆಯುವ ಮಕ್ಕಳಿಗೆ ವರ್ಷಕ್ಕೊಂದು ಬಿಲ್ಲು ಕೊಡಿಸಲು ಯಾರಿಂದಾಗುತ್ತದೆ, ಅದಕ್ಕೆ ಅವಳ ಅಪ್ಪನಿಗೆ ಹೇಳಿ ಅಳತೆ ದೂರದವರೆಗೆ ಸರಿಯುವ ಬಿಲ್ಲನ್ನೇ ಕೊಡಿಸಿದೆ. ಅವಳಿಗೂ ಒಂದು ಅಳತೆಬಾಣ ಇಟ್ಟಿದ್ದೇವೆ. ಜೂನ್‌ನಲ್ಲಿ ಹಾಕಿದ ಗೆರೆಗೂ ಈ ಭಾನುವಾರ ಹಾಕಿದ ಗೆರೆಗೂ ನಡುವೆ ಅರ್ಧ ಇಂಚು ಅಂತರ ಬಂದಿದೆ. ಅಲೆನ್ ಕೀಲಿ ಅವಳ ಕೈಗೇ ಕೊಟ್ಟೆ, ಮೇಲಿನ ಕ್ಯಾಮ್ ಕೆಳಗಿನ ಕ್ಯಾಮ್ ಎರಡನ್ನೂ ಒಂದೇ ನಂಬರಿಗೆ ತಂದು ಬಿಗಿ ಮಾಡಿದಳು. ಈಗ ಎಳೆದು ಕಣ್ಣು ಬಿಟ್ಟರೆ ಪೀಪ್ ಹುಬ್ಬಿನ ಹತ್ತಿರ ನಿಲ್ಲುತ್ತಿದೆ. ಅದನ್ನು ಕೆಳಗಿಳಿಸಿ ಕಟ್ಟಲು ಬೋ ಪ್ರೆಸ್ ಬೇಕು, ಶನಿವಾರ ಹೋಗಿ ಮಾಡಿಸಿಕೊಂಡು ಬರುತ್ತೇವೆ.